ಬೆವರು ಸುರಿಸಿ ನೀರಿಗೆ ಇಳಿದವನು

ವ್ಯಾಯಾಮ ಮಾಡಿದರೆ ಮೈಗೆ ಒಳ್ಳೆಯದು. ಇದನ್ನು ನಾನು ಸುಮಾರು ಮೂವತ್ತು ವರ್ಷ, ಕೊರಳಿಗೆ ಸೀಟಿ ನೇತುಹಾಕಿಕೊಂಡು, ಮಂಗಳೂರಿನ ಒಂದು ಹುಡುಗಿಯರ ಶಾಲೆಯ ಅಂಗಳದಲ್ಲಿ ನಿಂತು ಕೂಗಿ ಹೇಳಿದವಳು. ಈಗಲೂ ಬೇಡ ಎನ್ನುವುದಿಲ್ಲ. ಆದರೆ ಯಾರಾದರೂ ನನ್ನೆದುರು ಬಂದು, "ಎಂಥ ಕೆಲಸಕ್ಕೂ ಮೊದಲು ಸ್ವಲ್ಪ ಮೈ ಬಿಸಿ ಮಾಡಿಕೊಳ್ಳಬೇಕು ಟೀಚರೇ, ಅಲ್ವಾ?" ಎಂದು ತಲೆ ಆಡಿಸಿದರೆ ನನಗೆ ಕೆಂಡದಂಥ ಸಿಟ್ಟು ಬರುತ್ತದೆ. ಎಂಥ ಕೆಲಸಕ್ಕೂ ಅಲ್ಲ ಮಾರಾಯ್ರೇ. ನೀರಿನ ಅಡಿಗೆ ಹೋಗುವವನಿಗೆ ಅಲ್ಲ. ಅದು ನನಗೆ ಗೊತ್ತಾಗುವಷ್ಟರಲ್ಲಿ ನನ್ನ ತಮ್ಮನ ಎಡಗಾಲು ಹೋಗಿತ್ತು.

ಐವತ್ತರ ದಶಕದಲ್ಲಿ ನಮ್ಮ ಮನೆ ಇದ್ದದ್ದು ಬೋಳಾರದಲ್ಲಿ, ಹೊಳೆಯಿಂದ ಹತ್ತು ಮನೆ ಈಚೆ. ಅಮ್ಮ, ನಾನು, ನನಗಿಂತ ಮೂರು ವರ್ಷಕ್ಕೆ ಚಿಕ್ಕವನಾದ ತಮ್ಮ, ಇಷ್ಟೇ ಜನ. ಮನೆಯ ಒಳಗೆ ಕೊಂಕಣಿ, ಬೇಲಿಯ ಹೊರಗೆ ತುಳು, ಶಾಲೆಯಲ್ಲಿ ಕನ್ನಡ. ಅಪ್ಪ ತೀರಿಹೋದ ಮೇಲೆ ತಮ್ಮನನ್ನು ತಿದ್ದುವ ಕೆಲಸ ನನ್ನದು ಎಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಡ್ರಿಲ್ ಟೀಚರ್ ಆಗಲಿಕ್ಕೆ ಮದರಾಸಿಗೆ ಹೋಗಿ ತರಬೇತಿ ಮುಗಿಸಿ ಬಂದವಳು ನಮ್ಮ ಇಗರ್ಜಿಯ ವಠಾರದಲ್ಲಿ ನಾನೊಬ್ಬಳೇ. ಆ ಜಂಬವೂ ಇತ್ತು, ಯಾಕೆ ಸುಳ್ಳು ಹೇಳಲಿ. ಬೆಳಿಗ್ಗೆ ಎದ್ದ ಕೂಡಲೇ ಅವನನ್ನು ಅಂಗಳದಲ್ಲಿ ನಿಲ್ಲಿಸಿ ದಂಡ ಹೊಡೆಸುತ್ತಿದ್ದೆ, ಬಸ್ಕಿ ತೆಗೆಸುತ್ತಿದ್ದೆ, ಬಾವಿಯ ಸುತ್ತ ಓಡಿಸುತ್ತಿದ್ದೆ. ಅವನು ನನ್ನನ್ನು ಅಕ್ಕ ಎಂದು ಕರೆದದ್ದೇ ಕಡಿಮೆ. "ಟೀಚರೇ, ಇವತ್ತು ಅರ್ಧ ರಜೆ ಉಂಟಾ?" ಎಂದು ಹಲ್ಲು ಕಿರಿಯುತ್ತಿದ್ದ. ರಜೆ ಎಲ್ಲಿಯದು!

ಅವನು ಫುಟ್‌ಬಾಲ್ ಆಡುತ್ತಿದ್ದ. ಎಡಗಾಲಿನ ಆಟಗಾರ. ಮೈದಾನದ ಎಡಬದಿಯಿಂದ ಅವನು ಚೆಂಡನ್ನು ತಳ್ಳಿಕೊಂಡು ಬರುವಾಗ ಬೇಲಿಯ ಮೇಲೆ ಕೂತ ಜನ ಎದ್ದು ನಿಲ್ಲುತ್ತಿದ್ದರು. ನೀರಿನಲ್ಲೂ ಹಾಗೆಯೇ. ಹೊಳೆಗೆ ಯಾರದಾದರೂ ಕೊಡವೋ ಕತ್ತಿಯೋ ಬಿದ್ದರೆ ನಮ್ಮ ಮನೆಗೆ ಬಂದು ಅವನನ್ನು ಕರೆಯುತ್ತಿದ್ದರು. ಹಗಲು ಹೆಂಚಿನ ಕಾರ್ಖಾನೆಯಲ್ಲಿ ದುಡಿತ, ಸಂಜೆ ಚೆಂಡು, ಆದಿತ್ಯವಾರ ಪೂಜೆ ಮುಗಿದದ್ದೇ ಹೊಳೆ. ಅವನಷ್ಟು ಸುಖವಾಗಿ ಬದುಕಿದವರನ್ನು ನಾನು ಹೆಚ್ಚು ಕಂಡಿಲ್ಲ.

ಅರವತ್ತರ ದಶಕ ಶುರುವಾದ ಮೇಲೆ ಒಂದು ವರ್ಷ, ಅಳಿವೆಯಿಂದ ಬಹಳ ಆಚೆ, ಕಬ್ಬಿಣದ ಯಂತ್ರಗಳನ್ನು ತುಂಬಿದ ಒಂದು ಬಾರ್ಜ್ ಮುಳುಗಿತು. ಅದನ್ನು ಎತ್ತುವ ಗುತ್ತಿಗೆ ಹಿಡಿದವರು ಬೊಂಬಾಯಿಯವರು. ಹತ್ತು ಹನ್ನೊಂದು ಮಾರು ನೀರು ಅಲ್ಲಿ, ಬಾಯಲ್ಲಿ ಉಸಿರು ಕಟ್ಟಿ ಹೋದರೆ ಮುಗಿಯುವ ಕೆಲಸವಲ್ಲ. ಅದಕ್ಕಾಗಿ ಬೆನ್ನಿಗೆ ಕಟ್ಟುವ ಗಾಳಿಯ ಸಿಲಿಂಡರುಗಳು ಬಂದವು. ಇವತ್ತು ಸ್ಕೂಬಾ ಎಂದರೆ ಚಿಕ್ಕ ಮಕ್ಕಳಿಗೂ ಗೊತ್ತು. ಆಗ ನಮ್ಮೂರಿನಲ್ಲಿ ಅದು ಸರ್ಕಸ್ ಬಂದಷ್ಟು ದೊಡ್ಡ ಸಂಗತಿ. ದೋಣಿಗಳು ನಿಲ್ಲುವ ದಕ್ಕೆಯಲ್ಲಿ ಜನ ಸೇರಿ ಸಿಲಿಂಡರನ್ನು ಬೆರಳಲ್ಲಿ ಬಡಿದು ನೋಡಿದರು. ಒಳ್ಳೆ ಈಜುವವರು ಬೇಕು ಎಂದಾಗ ನಾಲ್ಕು ಜನ ನನ್ನ ತಮ್ಮನ ಹೆಸರು ಹೇಳಿದರು. ಬೊಂಬಾಯಿಯಿಂದ ಬಂದ ಒಬ್ಬ ಮುಳುಗುಗಾರ ಇವನಿಗೂ, ಉಳ್ಳಾಲದ ಕಡೆಯ ಇನ್ನೊಬ್ಬನಿಗೂ ಆರು ದಿನ ಕಲಿಸಿದ. ಕೊಳವೆಯನ್ನು ಹೇಗೆ ಕಚ್ಚುವುದು, ಕನ್ನಡಕದೊಳಗೆ ಬಂದ ನೀರನ್ನು ಹೇಗೆ ತೆಗೆಯುವುದು, ಮೇಲೆ ಬರುವಾಗ ಉಸಿರು ಕಟ್ಟಬಾರದು. ಇಷ್ಟು. ಏಳನೆಯ ದಿನ ಆ ಬೊಂಬಾಯಿಯವನು ಹಡಗು ಹತ್ತಿ ಹೋದ. ಆರು ದಿನದ ಪಾಠ! ನನ್ನ ಶಾಲೆಯ ಹುಡುಗಿಯರಿಗೆ ಸಾಲಿನಲ್ಲಿ ನೆಟ್ಟಗೆ ನಿಲ್ಲಲಿಕ್ಕೆ ಕಲಿಸಲಿಕ್ಕೇ ನನಗೆ ಅದಕ್ಕಿಂತ ಹೆಚ್ಚು ದಿನ ಬೇಕಿತ್ತು.

ಕೆಲಸದ ದೋಣಿ ಕುದ್ರೋಳಿಯ ಒಬ್ಬರು ಮುದುಕ ಬ್ಯಾರಿಯವರದ್ದು. ನಾವೆಲ್ಲ ಕಾಕ ಎಂದೇ ಕರೆಯುತ್ತಿದ್ದದ್ದು. ಪ್ರಾಯದಲ್ಲಿ ಸಿಲೋನಿನ ಕಡೆ ಮುತ್ತು ತೆಗೆಯುವ ದೋಣಿಗಳಲ್ಲಿ ಹೋಗಿ ಬಂದವರು. ಅವರದ್ದು ಒಂದು ಕ್ರಮ ಇತ್ತು. ನೀರಿಗೆ ಇಳಿಯುವವನು ಇಳಿಯುವ ಮೊದಲು ಸುಮ್ಮನೆ ಕೂರಬೇಕು. ದೋಣಿಯ ಮುಂದಿನ ತುದಿಯಲ್ಲಿ ಗೋಣಿ ಮಡಚಿ ಹಾಕಿ ತಮ್ಮನನ್ನು ಅದರ ಮೇಲೆ ಕೂರಿಸುತ್ತಿದ್ದರು. ಗಂಜಿ ತಿಳಿ ಕುಡಿಸುತ್ತಿದ್ದರು. ಹಗ್ಗ ಎಳೆಯಲಿಕ್ಕೆ ಹೋದರೆ ಕೈಗೆ ಬಡಿಯುತ್ತಿದ್ದರು. ಮೇಲೆ ಬಂದ ಮೇಲೆಯೂ ಅಷ್ಟೇ, ಮೊದಲು ಗೋಣಿ, ಗಂಜಿ ತಿಳಿ, ಆಮೇಲೆ ಮಾತು.

ನನಗೆ ಇದು ನಗುವಿನ ವಿಷಯ. ಒಂದು ದಿನ ದಕ್ಕೆಯಲ್ಲಿ ಸಿಕ್ಕಾಗ ಕೇಳಿಯೇಬಿಟ್ಟೆ.

"ಎಂತ ಕಾಕ, ನನ್ನ ತಮ್ಮನನ್ನು ಮದುಮಗನ ಹಾಗೆ ಕೂರಿಸಿದ್ದೀರಂತೆ?"

"ಮುಳುಗುವವನು ಹುಟ್ಟು ಮುಟ್ಟಬಾರದು ಟೀಚರೇ," ಎಂದರು ಕಾಕ. "ನಮ್ಮ ದೋಣಿಯಲ್ಲಿ ಹುಟ್ಟು ಹಾಕುವವನು ಬೇರೆ, ಹಗ್ಗ ಹಿಡಿಯುವವನು ಬೇರೆ, ನೀರಿಗೆ ಇಳಿಯುವವನು ಬೇರೆ. ಇಳಿಯುವವನಿಗೆ ಯಾರೂ ಕೆಲಸ ಹೇಳುವುದಿಲ್ಲ."

"ಯಾಕೆ?"

"ಯಾಕೆ ಅಂತ ನನಗೆ ಗೊತ್ತಿಲ್ಲ. ಹಾಗೆ ಕೂತು ಇಳಿದವರು ಮುದುಕರಾಗುವವರೆಗೆ ನಡೆದಾಡಿದರು."

ತರಬೇತಿ ಮುಗಿಸಿ ಸರ್ಟಿಫಿಕೇಟು ಹಿಡಿದುಕೊಂಡು ಬಂದವಳಿಗೆ ಗೊತ್ತಿಲ್ಲದ್ದು ಈ ಮುದುಕರಿಗೆ ಗೊತ್ತುಂಟಾ ಎಂದು ನನಗೆ ಒಳಗೊಳಗೇ ತಾತ್ಸಾರ. "ಅದೆಲ್ಲ ಹಳೆ ಕಾಲದ ನಂಬಿಕೆ ಕಾಕ. ರಕ್ತ ಓಡಬೇಕು, ಬೆವರು ಬರಬೇಕು. ಆಗಲೇ ಮೈ ಕೆಲಸಕ್ಕೆ ತಯಾರಾಗುವುದು," ಎಂದು ಶಾಲೆಯ ಅಂಗಳದಲ್ಲಿ ಹೇಳುವ ಸ್ವರದಲ್ಲೇ ಹೇಳಿದೆ. ಅವರು ಎಲೆ ಅಡಿಕೆ ಜಗಿಯುತ್ತಾ ಹೊಳೆಯ ಕಡೆ ನೋಡಿದರು.

ಮೊದಲ ತಿಂಗಳು ಈ ದೋಣಿಯನ್ನು ಗುತ್ತಿಗೆಯವರ ಮೋಟಾರು ಲಾಂಚು ಎಳೆದುಕೊಂಡು ಹೋಗುತ್ತಿತ್ತು. ತಮ್ಮನಿಗೆ ಒಂದು ದಿನವೂ ಒಂದು ನೋವೂ ಇರಲಿಲ್ಲ. ಆಮೇಲೆ ಕೆಲಸ ನೋಡಿಕೊಳ್ಳಲಿಕ್ಕೆ ಹೊಸ ಸಾಹೇಬರೊಬ್ಬರು ಬಂದರು. ಘಟ್ಟದ ಮೇಲಿನವರು, ಬೊಂಬಾಯಿಯಲ್ಲಿ ಇದ್ದು ಬಂದವರು, ಇಸ್ತ್ರಿ ಮಾಡಿದ ಖಾಕಿ ಚಡ್ಡಿ, ಬಿಳಿ ಕಾಲುಚೀಲ. ಮೊದಲ ದಿನವೇ ದೋಣಿಯ ತುದಿಯಲ್ಲಿ ಗೋಣಿಯ ಮೇಲೆ ಕೂತ ನನ್ನ ತಮ್ಮನನ್ನು ಕಂಡು ಅವರ ಮೈ ಉರಿದುಹೋಯಿತಂತೆ. "ಇವನೇನು ಮಹಾರಾಜನಾ? ಎಲ್ಲರೂ ದುಡೀತಿದ್ರೆ ಇವನು ಗಾಳಿ ತಗೊಳ್ತಾ ಕೂತಿದಾನೆ!" ಮಾರನೆಯ ದಿನದಿಂದ ದೋಣಿ ಎಳೆಯುವುದು ನಿಂತಿತು. ಲಾಂಚಿನಲ್ಲಿ ಸಾಹೇಬರು ಮಾತ್ರ. ಸಾಮಾನು ತುಂಬಿದ ದೋಣಿಗೆ ಹಾಯಿ ಕಟ್ಟಲಿಕ್ಕೆ ಜಾಗ ಇರಲಿಲ್ಲ. ಎಲ್ಲರೂ ಹುಟ್ಟು ಹಾಕಬೇಕು, ಮುಳುಗುವವರು ಎಲ್ಲರಿಗಿಂತ ಮುಂದೆ ಕೂತು ಹಾಕಬೇಕು. ಹೋಗಲಿಕ್ಕೆ ಎರಡು ಗಂಟೆ. ಮಾರ್ಚ್ ತಿಂಗಳ ಬಿಸಿಲು. ಬೆವರು ನೀರಾಗಿ ಇಳಿಯುತ್ತಿರುವಾಗಲೇ ಬೆನ್ನಿಗೆ ಸಿಲಿಂಡರು ಕಟ್ಟಿ ಕೆಳಗೆ.

ತಮ್ಮ ಮನೆಗೆ ಬಂದು ಹೇಳಿದಾಗ ನಾನು ಎಂತ ಹೇಳಿದೆ ಗೊತ್ತುಂಟಾ? "ಸಾಹೇಬರು ಸರಿಯಾಗಿಯೇ ಹೇಳಿದ್ದು. ಓದಿದವರಿಗೂ ಓದದವರಿಗೂ ಇದೇ ವ್ಯತ್ಯಾಸ," ಎಂದೆ! ಈಗಲೂ ನೆನೆದರೆ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಎರಡು ವಾರಕ್ಕೆ ನೋವು ಶುರುವಾಯಿತು. ಸಂಜೆ ಮನೆಗೆ ಬಂದು ಕೈ ಕಾಲು ತೊಳೆಯುವ ಹೊತ್ತಿಗೆ ಅವನ ಎಡಭುಜದ ಒಳಗೆ ಯಾರೋ ಮೊಳೆ ಹೊಡೆದ ಹಾಗೆ. ತಟ್ಟೆ ಎತ್ತಲಿಕ್ಕೆ ಆಗದು. ಇನ್ನೊಂದು ದಿನ ಮೊಣಕೈ. ಹೊರಗೆ ಊತ ಇಲ್ಲ, ಕೆಂಪಗಾಗಿಲ್ಲ. ಎಲ್ಲರ ಬಾಯಲ್ಲೂ ಒಂದೇ ಮಾತು: ಹುಟ್ಟು ಹಾಕಿದ್ದಲ್ವಾ, ಅದಕ್ಕೇ. ನನಗೂ ಹಾಗೆಯೇ ಅನಿಸಿತು. ಅಮ್ಮ ತೆಂಗಿನೆಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಸಿದರು. ನಾನು ಗಟ್ಟಿಯಾಗಿ ತಿಕ್ಕಿದೆ. ಅವನು ಹಲ್ಲು ಕಚ್ಚಿ, "ಟೀಚರೇ, ಕೊಲ್ತೀರಾ?" ಎಂದ. ನಮ್ಮ ಡಾಕ್ಟರರು ಭುಜವನ್ನು ಎರಡು ಸಲ ಒತ್ತಿ ನೋಡಿ, ಹೊಸ ಕೆಲಸ, ಮಾಂಸ ಹಿಡಿದಿದೆ, ಕೈ ಬೀಸಿ ಬೀಸಿ ಸಡಿಲ ಮಾಡಲಿ ಎಂದರು. ಹೀಗೆ ಹುಟ್ಟಿನ ನೋವು ಎಂಬ ಹೆಸರಿನ ಅಡಿಯಲ್ಲಿ ಆ ಬೇರೆ ನೋವು ಆರಾಮವಾಗಿ ಅಡಗಿ ಕೂತಿತು. ಯಾರಿಗೂ ಸಂಶಯ ಬರಲಿಲ್ಲ.

ವಿಚಿತ್ರ ಒಂದಿತ್ತು. ಮರುದಿನ ಮತ್ತೆ ನೀರಿನ ಅಡಿಗೆ ಹೋದರೆ ನೋವು ಮಾಯ. "ಅಲ್ಲಿ ಕೆಳಗೆ ನನ್ನ ಕೈ ಹೂವಿನ ಹಾಗೆ ಇರ್ತದೆ. ಮೇಲೆ ಬಂದರೆ ಮತ್ತೆ ಶುರು," ಎನ್ನುತ್ತಿದ್ದ. ಇದನ್ನು ಅವನು ಸಾಹೇಬರಿಗೂ ಹೇಳಿದ್ದ. ಅವರು ನಕ್ಕು, "ಕೆಲಸ ಇರೋವಾಗ ನೋವಿಲ್ಲ, ದಡಕ್ಕೆ ಬಂದ್ರೆ ನೋವು. ಒಳ್ಳೆ ನಾಟಕ!" ಎಂದರಂತೆ. ನಾಟಕ! ಹೊಳೆಯ ಆಚೆ ದಡಕ್ಕೂ ಈಚೆ ದಡಕ್ಕೂ ಈಜಿಕೊಂಡು ಹೋಗಿ ಬರುವವನಿಗೆ ನಾಟಕ ಮಾಡುವ ಕರ್ಮ ಎಂತದ್ದು?

ಏಪ್ರಿಲಿನಲ್ಲಿ ಸಿಲಿಂಡರಿಗೆ ಗಾಳಿ ತುಂಬಿಸುವ ಯಂತ್ರ ಕೆಟ್ಟಿತು. ಎಂಟು ದಿನ ಮುಳುಗುವ ಕೆಲಸ ಇಲ್ಲ. ಆದರೆ ಸಾಹೇಬರಿಗೆ ಯಾರೂ ಕೂತಿರಬಾರದಲ್ಲ. ದಿನಾ ಎರಡೆರಡು ಸಲ ಸರಪಳಿ ತುಂಬಿದ ದೋಣಿಯನ್ನು ಅಲ್ಲಿಗೆ ಹುಟ್ಟು ಹಾಕಿಸಿಕೊಂಡು ಹೋಗಿ ಬರುವ ಕೆಲಸ ಕೊಟ್ಟರು. ಮೊದಲಿಗಿಂತ ಇಮ್ಮಡಿ ದುಡಿತ. ಆ ಎಂಟು ದಿನ ನನ್ನ ತಮ್ಮನಿಗೆ ಭುಜ ನೋವು ಬರಲೇ ಇಲ್ಲ.

ಅದನ್ನು ಗಮನಿಸಿದವರು ಕಾಕ. ಬೇಸಗೆ ರಜೆಯಾದ್ದರಿಂದ ಮಧ್ಯಾಹ್ನದ ಗಂಜಿ ತೆಗೆದುಕೊಂಡು ನಾನೇ ದಕ್ಕೆಗೆ ಹೋಗುತ್ತಿದ್ದೆ. "ಟೀಚರೇ, ಹುಟ್ಟಿನಿಂದ ಬರುವ ನೋವಾದರೆ ಈಗ ಬರಬೇಕಿತ್ತಲ್ಲ?" ಎಂದರು. ನನ್ನ ತಲೆಗೆ ಹೊಡೆದ ಹಾಗಾಯಿತು. ಹೌದಲ್ಲ! ನೋವು ಹುಟ್ಟಿನದ್ದಲ್ಲ, ನೀರಿನ ಅಡಿಯದ್ದು. ಅಲ್ಲಿಗೆ ನಾನು ಸರಿಯಾಗಿಯೇ ಬಂದು ಮುಟ್ಟಿದೆ. ಅಲ್ಲಿಂದ ಒಂದು ಹೆಜ್ಜೆ ಮುಂದೆ ಹೋಗಿ ಕಾಕನನ್ನೇ ಕೇಳಬೇಕಿತ್ತು. ಕೇಳಲಿಲ್ಲ. ನೆಟ್ಟಗೆ ಸಾಹೇಬರ ಶೆಡ್ಡಿಗೆ ಹೋದೆ.

ದಕ್ಕೆಯ ಆ ತಗಡಿನ ಶೆಡ್ಡಿನಲ್ಲಿ ಸಿಲಿಂಡರು ಬಂದ ದೊಡ್ಡ ಮರದ ಪೆಟ್ಟಿಗೆ ಇತ್ತು. ಬಂದವರಿಗೆ ಅದೇ ಕುರ್ಚಿ. ನಾನು ಅದರ ಮೇಲೆ ಕೂತೆ.

"ನನ್ನ ತಮ್ಮ ಕೆಲಸಗಳ್ಳ ಅಲ್ಲ ಸಾರ್. ನೋವು ಬರುವುದು ನೀರಿನ ಅಡಿಗೆ ಹೋಗಿ ಬಂದ ದಿನ ಮಾತ್ರ. ಅಲ್ಲಿ ಎಂತದೋ ಉಂಟು," ಎಂದೆ.

ಅವರು ಕಾಗದದಿಂದ ತಲೆ ಎತ್ತಲಿಲ್ಲ. "ಅಲ್ಲಿ ತಣ್ಣಗಿರತ್ತೆ ಕಣಮ್ಮ, ಮೈ ಬಿಗಿಯತ್ತೆ. ನೀವು ಡ್ರಿಲ್ ಟೀಚರಲ್ವಾ? ಮನೇಲಿ ಅವನನ್ನ ಇನ್ನೂ ಸ್ವಲ್ಪ ಗಟ್ಟಿ ಮಾಡಿ ಕಳಿಸಿ. ನಿಮ್ಮ ಕೈಲಾಗದಿದ್ರೆ ಹೇಳಿ, ಬೇರೆಯವನನ್ನ ನೋಡ್ತೀನಿ."

ನನ್ನ ಕೈಯಲ್ಲಿ ಆಗದಾ? ಅಷ್ಟು ಸಾಕಾಯಿತು ನನಗೆ. ಜಗಳಕ್ಕೆಂದು ಹೋದವಳು ಪಂಥ ಕಟ್ಟಿಕೊಂಡು ಬಂದೆ. ಮಾರನೆಯ ದಿನದಿಂದ ಅಂಗಳದಲ್ಲಿ ದಂಡ ಇಮ್ಮಡಿಯಾಯಿತು. ಅದಾದ ಮೇಲೆ ಎರಡು ಗಂಟೆ ಹುಟ್ಟು, ಅದಾದ ಮೇಲೆ ನೀರು. ಅಷ್ಟು ಸಾಲದೆಂದು ಮೇಲೆ ಬಂದ ಕೂಡಲೇ ದೋಣಿಯಲ್ಲೇ ಕೈ ಬೀಸಬೇಕು, ಬಸ್ಕಿ ತೆಗೆಯಬೇಕು ಎಂದು ಹೇಳಿಕೊಟ್ಟೆ. ಅವನು ನಾನು ಹೇಳಿದ್ದನ್ನು ಮಾಡುವವನು. ಅದೇ ಆದದ್ದು ತೊಂದರೆ. ನನ್ನ ಮಾತು ಕೇಳದ ತಮ್ಮ ಆಗಿದ್ದಿದ್ದರೆ!

ಅಷ್ಟರಲ್ಲಿ ಉಳ್ಳಾಲದವನು, "ನನ್ನಿಂದಾಗದು, ಮೈಯೆಲ್ಲಾ ಇರುವೆ ಹರಿದ ಹಾಗೆ ಆಗ್ತದೆ," ಎಂದು ಕೆಲಸ ಬಿಟ್ಟ. ಮಳೆ ಬರುವುದರೊಳಗೆ ಬಾರ್ಜಿಗೆ ಹಗ್ಗ ಕಟ್ಟಿ ಮುಗಿಯಬೇಕು. ಅವನ ಪಾಲಿನ ಇಳಿತವೂ ನನ್ನ ತಮ್ಮನ ತಲೆಗೇ ಬಂತು.

ಆ ದಿನ ಮೇ ತಿಂಗಳ ಶುರುವಿನದ್ದು. ಗಾಳಿ ಎಂಬುದು ಇರಲಿಲ್ಲ, ಅಂಗಳದಲ್ಲಿ ದಂಡ ಹೊಡೆಯುವಾಗಲೇ ಅವನ ಬೆನ್ನಿನಿಂದ ಬೆವರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. "ಇವತ್ತು ಬೇಡ ಟೀಚರೇ, ಸುಸ್ತಾಗ್ತದೆ," ಎಂದ. "ಇನ್ನೂ ಹತ್ತು," ಎಂದೆ. ಅಂದು ಮೂರು ಸಿಲಿಂಡರು ಮುಗಿಯುವವರೆಗೆ ಅವನು ಅಡಿಯಲ್ಲಿದ್ದ. ಮೂರು ಗಂಟೆಯ ಹೊತ್ತಿಗೆ ಲಾಂಚು ಮತ್ತು ದೋಣಿ ಒಟ್ಟಿಗೆ ದಕ್ಕೆಗೆ ಬಂದವು. ಹೊಸ ಸಾಹೇಬರು ಬಂದ ಮೇಲೆ ಅಂದು ಮೊದಲ ಸಲ ದೋಣಿಯನ್ನು ಲಾಂಚು ಎಳೆದುಕೊಂಡು ಬಂದದ್ದನ್ನು ಕಂಡು ನಾನು ಮೆಟ್ಟಿಲ ಹತ್ತಿರ ಓಡಿದೆ.

ತಮ್ಮ ದೋಣಿಯಲ್ಲಿ ಒರಗಿ ಕೂತಿದ್ದ. "ಕಾಲು ಜೋಮು ಹಿಡಿದಿದೆ, ಅಷ್ಟೇ," ಎಂದು ನಗಲಿಕ್ಕೆ ನೋಡಿದ. ಇಬ್ಬರು ಹಿಡಿದು ಮೆಟ್ಟಿಲ ಮೇಲೆ ತಂದರು. ಸಾಹೇಬರು ವಾಚು ನೋಡಿ ಹೇಳಿದರು: "ನಡೆಸಿ, ನಡೆಸಿ. ರಕ್ತ ಓಡಿದ್ರೆ ಸರಿಹೋಗತ್ತೆ."

"ಬೇಡ ಟೀಚರೇ, ಮಲಗಿಸಿ," ಎಂದರು ಕಾಕ. ಅವರ ಕೈಯಲ್ಲಿ ಆ ಗೋಣಿ ಇತ್ತು, ಮಡಚಿದ್ದು. "ಮಲಗಿಸಿ, ನೀರು ಕುಡಿಸಿ. ನಡೆಸಬೇಡಿ."

ನಾನು ಅವರ ಮೇಲೆ ಹರಿಹಾಯ್ದೆ. "ನೀವು ಸುಮ್ಮನಿರಿ ಕಾಕ! ಮಲಗಿಸಿದರೆ ಕಾಲು ಮರಗಟ್ಟಿಯೇ ಹೋಗ್ತದೆ!" ಎಷ್ಟು ಜನ ನೋಡುತ್ತಿದ್ದರು ಅಲ್ಲಿ, ಅವರೆಲ್ಲರ ಮುಂದೆ. ನನ್ನ ತಮ್ಮನ ಒಂದು ತೋಳನ್ನು ನನ್ನ ಹೆಗಲಿಗೆ ಹಾಕಿಕೊಂಡೆ, ಇನ್ನೊಂದನ್ನು ಒಬ್ಬ ಖಲಾಸಿ ಹಿಡಿದ. ಶಾಲೆಯಲ್ಲಿ ಕೂಗುವ ಹಾಗೆ ಕೂಗಿದೆ: "ಲೆಫ್ಟ್, ರೈಟ್. ಲೆಫ್ಟ್, ರೈಟ್." ದಕ್ಕೆಯ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ, ಉರಿ ಬಿಸಿಲಿನಲ್ಲಿ ನಡೆಸಿದೆ. ಲೆಫ್ಟ್ ಎಂದಾಗ ಎಡಗಾಲು ಸ್ವಲ್ಪ ಸ್ವಲ್ಪ ಏಳುತ್ತಿತ್ತು. ನಾಲ್ಕನೆಯ ಸುತ್ತಿಗೆ ಏಳಲಿಲ್ಲ. "ಅಕ್ಕಾ, ನನಗೆ ನೆಲ ಗೊತ್ತಾಗ್ತಾ ಇಲ್ಲ," ಎಂದ. ಅಕ್ಕಾ ಎಂದ. ಆಗ ನನಗೆ ಹೆದರಿಕೆಯಾಯಿತು.

ಆಸ್ಪತ್ರೆಯಲ್ಲಿ ಪಾರ್ಶ್ವವಾಯು ಎಂದರು, ಇಪ್ಪತ್ತೈದರ ಪ್ರಾಯದವನಿಗೆ! ಸೂಜಿ ಚುಚ್ಚಿದರೆ ಸೊಂಟದಿಂದ ಕೆಳಗೆ ಗೊತ್ತಾಗುತ್ತಿರಲಿಲ್ಲ. ಮೂರನೆಯ ದಿನ ಒಬ್ಬ ಚಿಕ್ಕ ಪ್ರಾಯದ ಡಾಕ್ಟರರು, ಮುಳುಗುವವರಿಗೆ ಹೀಗಾಗುವುದುಂಟೆಂದು ಓದಿದ ನೆನಪು, ಕೊಚ್ಚಿಯ ನೌಕಾಪಡೆಯಲ್ಲಿ ಅದನ್ನು ಬಲ್ಲವರಿದ್ದಾರೆ ಎಂದರು. ರೈಲಿನಲ್ಲಿ ಮಲಗಿಸಿಕೊಂಡು ಹೋದೆವು. ಕಾಕನೂ ಬಂದರು, ನಾನು ಕರೆಯಲಿಲ್ಲ.

ಅಲ್ಲಿಯ ಡಾಕ್ಟರರು ಇವನನ್ನು ಒಂದು ಕಬ್ಬಿಣದ ಕೋಣೆಯಲ್ಲಿ ಹಾಕಿ, ಒಳಗೆ ಗಾಳಿಯ ಒತ್ತಡ ಏರಿಸಿ, ನಿಧಾನವಾಗಿ ಇಳಿಸಿದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ನನಗೆ ಆಮೇಲೆ ವಿವರಿಸಿದರು. ಗೋಲಿ ಸೋಡಾ ನೋಡಿದ್ದೀರಲ್ಲ? ನೀರಿನ ಅಡಿಯ ಒತ್ತಡದಲ್ಲಿ ಉಸಿರಾಡಿದ ಗಾಳಿ ರಕ್ತದಲ್ಲಿ, ಮಾಂಸದಲ್ಲಿ ಹಾಗೆ ಕರಗಿ ಕೂರುತ್ತದೆ. ಮೆಲ್ಲ ಮೇಲೆ ಬಂದು ಸುಮ್ಮನಿದ್ದರೆ ಉಸಿರಿನ ದಾರಿಯಲ್ಲೇ ಹೊರಗೆ ಹೋಗುತ್ತದೆ. ಇಳಿಯುವ ಮೊದಲು ಮೈ ಮುರಿದು ದುಡಿದು, ಬೆವರಿ, ಮೈಯ ನೀರು ಬತ್ತಿಸಿಕೊಂಡು ಹೋದರೆ ಗಾಳಿ ಹೊರಗೆ ಹೋಗುವುದು ಕಷ್ಟ. ಮೇಲೆ ಬಂದ ಮೇಲೆ ಮತ್ತೆ ದುಡಿಸಿದರೆ ಬಾಟಲಿ ಅಲ್ಲಾಡಿಸಿ ಗೋಲಿ ಒತ್ತಿದ ಹಾಗೆ. ಗುಳ್ಳೆ ಏಳುತ್ತದೆ. ಭುಜದಲ್ಲಿ ಎದ್ದರೆ ನೋವು, ಬೆನ್ನುಹುರಿಯಲ್ಲಿ ಎದ್ದರೆ ಕಾಲು ಹೋಗುತ್ತದೆ. ಭುಜದ ನೋವನ್ನು ಹುಟ್ಟಿನ ನೋವು ಎಂದುಕೊಂಡದ್ದೇ ದೊಡ್ಡ ತಪ್ಪು, ಎಚ್ಚರಿಕೆ ಅಲ್ಲೇ ಇತ್ತು ಎಂದರು.

"ಅಂದೇ ಮಲಗಿಸಿ ತಂದಿದ್ದರೆ ಬಹುಶಃ ಎರಡೂ ಕಾಲು ಸಿಗುತ್ತಿತ್ತು," ಎಂದು ಹೇಳಿ ಅವರು ಕೇಳಿದರು, "ಯಾರು ನಡೆಸಿದ್ದು?"

"ನಾನು," ಎಂದೆ.

ಪಕ್ಕದಲ್ಲಿ ಕೂತಿದ್ದ ಕಾಕ, "ಟೀಚರಿಗೆ ಗೊತ್ತಿರಲಿಲ್ಲ ಡಾಕ್ಟರೇ," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೂರು ವಾರಕ್ಕೆ ಬಲಗಾಲು ಬಂತು. ಎಡಗಾಲು ಅರ್ಧ ಬಂತು. ಊರಿಗೆ ಬಂದ ಮಾರನೆಯ ದಿನ ತಮ್ಮನ ಬಟ್ಟೆಗಂಟು ತರಲಿಕ್ಕೆ ಶೆಡ್ಡಿಗೆ ಹೋದೆ. ಗುತ್ತಿಗೆಯವರು ಗಂಟುಮೂಟೆ ಕಟ್ಟುತ್ತಿದ್ದರು. ನಾನು ಕೂತ ಆ ಮರದ ಪೆಟ್ಟಿಗೆ ತೆರೆದಿತ್ತು. ಮುಚ್ಚಳದ ಒಳಗಡೆ ಇಷ್ಟು ದೊಡ್ಡ ಒಂದು ಇಂಗ್ಲಿಷ್ ಕಾಗದ ಅಂಟಿಸಿತ್ತು. ಓದಿದೆ. ಮುಳುಗುವ ಮೊದಲು ಆಯಾಸದ ಕೆಲಸ, ಕಠಿಣ ವ್ಯಾಯಾಮ ಬೇಡ, ವಿಶ್ರಾಂತಿ ಬೇಕು. ಸಾಕಷ್ಟು ನೀರು ಕುಡಿದಿರಬೇಕು. ಮೇಲೆ ಬಂದ ಮೇಲೆ ದುಡಿಯಬಾರದು. ಆಮೇಲೆ ಗಂಟುಗಳಲ್ಲಿ ನೋವು ಬಂದರೆ, ಕಾಲು ಜೋಮು ಹಿಡಿದರೆ, ತಿಕ್ಕಬೇಡಿ, ನಡೆಸಬೇಡಿ, ಮಲಗಿಸಿ, ಕೂಡಲೇ ಡಾಕ್ಟರರಿಗೆ ತಿಳಿಸಿ. ಒಂದೊಂದು ಸಾಲೂ ಕಾಕನ ಬಾಯಿಂದ ಬಂದದ್ದೇ. ನನ್ನ ಸೀರೆಯ ಅಡಿಯಲ್ಲಿ, ಒಂದು ಹಲಗೆಯ ಆಚೆ ಇತ್ತು ಅದು. ಅದರ ಮೇಲೆ ಕೂತೇ ನಾನು ಆ ಮನುಷ್ಯನ ಹತ್ತಿರ ಪಂಥ ಕಟ್ಟಿದ್ದು! ತಮ್ಮನಿಗೆ ಇಂಗ್ಲಿಷ್ ಬಾರದು, ಕಾಕನಿಗೆ ಅಕ್ಷರವೇ ಬಾರದು. ನನಗೆ ಬರುತ್ತಿತ್ತು. ಸಾಹೇಬರಿಗೂ ಬರುತ್ತಿತ್ತು.

"ಇದನ್ನು ನೀವು ಓದಿದ್ದೀರಾ?" ಎಂದು ಅಲ್ಲೇ ಕೂತಿದ್ದ ಸಾಹೇಬರನ್ನು ಕೇಳಿದೆ.

"ಓದದೆ ಏನು? ಅದೆಲ್ಲ ಫಾರಿನ್ ಜನರ ಮೈಗೆ ಬರೆದಿದ್ದು ಕಣಮ್ಮ. ಬ್ರೆಡ್ಡು ಬೆಣ್ಣೆ ತಿನ್ನೋರಿಗೆ. ನಮ್ಮ ಜನ ಕಷ್ಟಕ್ಕೆ ಒಗ್ಗಿದವರು."

ಹೇಳಿ, ನೋಡೋಣ! ಓದಿದ್ದರಂತೆ! ಗೊತ್ತಿಲ್ಲದೆ ಮಾಡಿದ್ದರೆ ನನ್ನ ಹಾಗೆ ಅವರೂ ಒಬ್ಬರು ಮೂರ್ಖರು ಎಂದು ಬಿಡುತ್ತಿದ್ದೆ. ಓದಿ, ಅರ್ಥ ಮಾಡಿಕೊಂಡು, ಇದು ಈ ಜನಕ್ಕಲ್ಲ ಎಂದು ಮುಚ್ಚಳ ಮುಚ್ಚಿದ್ದು! ನನ್ನ ತಮ್ಮನ ರಕ್ತ ಬೇರೆ ಜಾತಿಯ ರಕ್ತವಾ? ಅವನ ಬೆನ್ನುಹುರಿ ಹೆಂಚಿನ ಮಣ್ಣಿನದ್ದಾ? ನಾನು ಕೂಗಾಡಿದೆ. ಎಂತೆಂತ ಹೇಳಿದೆ ಎಂದು ನೆನಪಿಲ್ಲ, ಮೂರು ಭಾಷೆಯಲ್ಲಿ ಹೇಳಿದೆ. ಅವರು ಟೊಪ್ಪಿ ತೆಗೆದುಕೊಂಡು ಎದ್ದು, "ಇಷ್ಟು ಮಾತಾಡ್ತೀರಲ್ಲ, ಅವತ್ತು ಲೆಫ್ಟ್ ರೈಟ್ ಅಂತ ನಡೆಸಿದ್ದು ನಾನಾ?" ಎಂದು ಹೊರಗೆ ಹೋದರು.

ಸುತ್ತಿಗೆ ಕೇಳಿ ತೆಗೆದುಕೊಂಡು ಆ ಮುಚ್ಚಳವನ್ನು ಕಿತ್ತೆ. ತಲೆಯ ಮೇಲೆ ಹೊತ್ತುಕೊಂಡು ಕುದ್ರೋಳಿಯವರೆಗೆ ನಡೆದೆ. ಕಾಕನ ಮನೆಯ ಜಗಲಿಯಲ್ಲಿ ಕೂತು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದೆ. ಅವರು ಪೂರ್ತಿ ಕೇಳಿ, "ಯಾಕೆ ಅಂತ ಬರೆದಿದ್ದಾರಾ?" ಎಂದು ಮಾತ್ರ ಕೇಳಿದರು. ಗೋಲಿ ಸೋಡಾದ ಮಾತನ್ನು ಹೇಳಿದೆ. ತಲೆ ಆಡಿಸಿದರು. ಪರಿಹಾರ ಕೇಳಿ ನಾನು ಗುತ್ತಿಗೆಯವರಿಗೆ ಬರೆದ ಕಾಗದಕ್ಕೆ ಮಳೆಗಾಲದ ನಡುವೆ ಒಂದು ಉತ್ತರ ಬಂತು. ಕೆಲಸಗಾರನಿಗೆ ಬೇಕಾದಷ್ಟು ವ್ಯಾಯಾಮದ ಅಭ್ಯಾಸ ಇಲ್ಲದ್ದರಿಂದ ಹೀಗಾಯಿತು ಎಂದು ಅದರಲ್ಲಿತ್ತು. ವ್ಯಾಯಾಮ ಸಾಲದಿತ್ತಂತೆ!

ನಾನು ಶಾಲೆಗೆ ಹೋಗುವುದನ್ನು ಬಿಡಲಿಲ್ಲ, ಊಟ ನಡೆಯಬೇಕಲ್ಲ. ಆದರೆ ಯಾವ ಹುಡುಗಿಯಾದರೂ "ಟೀಚರ್, ಇವತ್ತು ಸುಸ್ತು," ಎಂದರೆ "ಕೂತುಕೋ" ಎನ್ನುವುದನ್ನು ಕಲಿತೆ. ಅಂಗಳದ ದಂಡ ನಿಂತುಹೋಯಿತು. ತಮ್ಮನ ಎದುರು ಲೆಫ್ಟ್ ಎಂಬ ಮಾತು ನನ್ನ ಬಾಯಲ್ಲಿ ಬರದ ಹಾಗೆ ನೋಡಿಕೊಂಡೆ.

ಮಳೆ ಕಳೆದ ಮೇಲೆ ಒಂದು ಆದಿತ್ಯವಾರ ಅವನು ಇಗರ್ಜಿಗೆ ನಡೆದೇ ಬರುತ್ತೇನೆ ಎಂದ. ಕೈಯಲ್ಲಿ ಕೋಲು. ನಾನು ಒಂದು ಹೆಜ್ಜೆ ಹಿಂದೆ. ಎಡಗಾಲಿಗೆ ನೆಲ ಸರಿಯಾಗಿ ಗೊತ್ತಾಗುತ್ತಿರಲಿಲ್ಲ, ಯಾವಾಗ ಎತ್ತಬೇಕು ಎಂದು ಅದು ಮರೆತುಬಿಡುತ್ತಿತ್ತು. ಮೈದಾನದ ಹತ್ತಿರ, ಹುಡುಗರು ಚೆಂಡಾಡುವ ಬೇಲಿಯ ಪಕ್ಕ, ಕಾಲು ಎಡವಿ ನಿಂತ. ಆಟ ನೋಡಲಿಲ್ಲ. ನನ್ನ ಕಡೆ ತಿರುಗಿದ.

"ಡ್ರಿಲ್ಲಿನ ಲೆಕ್ಕ ಹೇಳಿ ಟೀಚರೇ."

"ಬಾಯಿ ಮುಚ್ಚು," ಎಂದೆ. "ಅದನ್ನು ನನ್ನ ಹತ್ತಿರ ಹೇಳಬೇಡ. ನಿನಗೆ ತಮಾಷೆ ಮಾಡಲಿಕ್ಕೆ ಬೇರೆ ಎಂತದೂ ಸಿಗಲಿಲ್ಲವಾ?" ಸಿಟ್ಟಿನಲ್ಲಿ ಕಣ್ಣು ತುಂಬಿತು.

"ತಮಾಷೆ ಅಲ್ಲ ಅಕ್ಕಾ," ಎಂದ. "ನೀನು ಹೇಳದಿದ್ದರೆ ಈ ಕಾಲಿಗೆ ಅದರ ಸರದಿ ಗೊತ್ತಾಗುವುದಿಲ್ಲ."

ಇಗರ್ಜಿಯ ಗಂಟೆ ಹೊಡೆಯಲಿಕ್ಕೆ ಶುರುವಾಗಿತ್ತು. ದಾರಿಯಲ್ಲಿ ಜನ ಇದ್ದರು. ನಾನು ಅವನ ಪಕ್ಕಕ್ಕೆ ಹೋಗಿ ನಿಂತು, ಅವನಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ಲೆಫ್ಟ್ ಎಂದೆ. ಕಾಲು ಎದ್ದಿತು.